ಮಾವನ ಹಣೆಯ ಬೆಳಕು

ಫೋಟೋ ರಿಟಚ್ ಮಾಡಲು ಬರುತ್ತದೆ ಅನ್ನುವುದು ನೆಂಟರಿಗೆ ತಿಳಿಯಬಾರದು. ತಿಳಿದರೆ ಮನೆತನದ ಅಷ್ಟೂ ಹಣೆ, ಮೂಗಿನ ತುದಿ, ಬೋಳುತಲೆಗಳು ನಮ್ಮ ಸುಪರ್ದಿಗೆ ಬರುತ್ತವೆ.

ಸೋದರಮಾವ ಕಳಿಸಿದ ಫೋಟೋದಲ್ಲಿ ಅವರಿಗಿಂತ ಮೊದಲು ಅವರ ಹಣೆ ಕಾಣುತ್ತಿತ್ತು. ಬೆವರಿದ ಹಣೆಗೆ ಎದುರಿನಿಂದ ನೇರ ಫ್ಲ್ಯಾಶ್, ಇನ್ನೇನಾಗಬೇಕು? "ಸ್ವಲ್ಪ ಹೊಳಪು ಕಮ್ಮಿ ಮಾಡೋ, ಎರಡು ನಿಮಿಷದ ಕೆಲಸ" ಅಂದರು. ಈ ಎರಡು ನಿಮಿಷದ ಲೆಕ್ಕವನ್ನು ಯಾವಾಗಲೂ ಕೆಲಸ ಮಾಡದವರೇ ಹೇಳುತ್ತಾರೆ.

ಜೆಪೆಗ್‌ನಲ್ಲಿ, ಅಂದರೆ ನಾವೆಲ್ಲ ಕಳಿಸುವ ಮಾಮೂಲಿ ಫೋಟೋ ಫೈಲಿನಲ್ಲಿ, ಕೆಂಪು, ಹಸಿರು, ನೀಲಿ ಮೂರರ ಬೆಳಕಿಗೂ 0ಯಿಂದ 255ರವರೆಗೆ ಮಾತ್ರ ಜಾಗ. ಚರ್ಮದಲ್ಲಿ ಕೆಂಪು ಜಾಸ್ತಿ, ಅದೇ ಮೊದಲು ತುದಿ ಮುಟ್ಟುತ್ತದೆ. ಬಿಳಿ ಕಲೆಯ ಅಂಚು ಹಳದಿಗೆ ತಿರುಗುವುದು ಅದಕ್ಕೇ. ಮೂರೂ 255 ಆದ ಕಡೆ ಬರೀ ಬಿಳಿ, ಸುಕ್ಕೂ ಇಲ್ಲ, ಚರ್ಮವೂ ಇಲ್ಲ. ಬೆಳಗಿದ ಭಾಗಗಳ ಹೊಳಪು ತಿದ್ದುವ ಹೈಲೈಟ್ಸ್ ಸ್ಲೈಡರನ್ನು ಪೂರ್ತಿ ಎಡಕ್ಕೆ ಎಳೆದರೆ ಮಾವನ ಹಣೆ ಸಿಮೆಂಟ್ ತೇಪೆ ಹಾಕಿದ ಗೋಡೆಯಂತಾಯಿತು. ಜೊತೆಗೆ ಕಣ್ಣಿನೊಳಗಿನ ಬೆಳಕಿನ ಚುಕ್ಕಿಯೂ ಮಂಕಾಗಿ, ಜೀವವೇ ಹೋದ ಹಾಗೆ ನೋಡತೊಡಗಿದರು.

ಜೆಪೆಗ್ ಆಗುವಾಗ ಕತ್ತರಿಸಿಹೋದ ಬಿಳುಪಿನಲ್ಲಿ ಒಂದಿಷ್ಟು ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾದ ಹಸಿ ದಾಖಲೆಯಲ್ಲಿ, ಉಳಿದಿರುತ್ತದೆ. "ಮಾವ, ರಾ ಫೈಲ್ ಇದೆಯಾ?" ಅಂದೆ. "ಫೈಲ್ ಯಾಕೋ? ನಾನು ಫೋಟೋ ಅಲ್ವಾ ಕಳಿಸಿದ್ದು?"

ಸರಿ, ಫೋಟೋದ ಮೇಲೊಂದು ಹೊಸ ಲೇಯರ್, ಪಾರದರ್ಶಕ ಹಾಳೆಯಂಥದ್ದು. ಅದರ ಬಣ್ಣ ಕೆಳಗಿನದರ ಜೊತೆ ಬೆರೆಯುವ ರೀತಿಯನ್ನು, ಅಂದರೆ ಬ್ಲೆಂಡ್ ಮೋಡನ್ನು, ಡಾರ್ಕನ್‌ಗೆ ಇಟ್ಟರೆ, ಹಚ್ಚುವ ಬಣ್ಣಕ್ಕಿಂತ ಬೆಳ್ಳಗಿದ್ದದ್ದು ಮಾತ್ರ ಬದಲಾಗುತ್ತದೆ, ಉಳಿದ ಹಣೆ ಬಚಾವು. ಕಲೆಯ ಪಕ್ಕದ ಚರ್ಮದಿಂದಲೇ ಬಣ್ಣ ತೆಗೆದು, ಮೆತ್ತನೆ ಬ್ರಷ್‌ನಲ್ಲಿ ತೆಳ್ಳಗೆ, ಪದರ ಪದರವಾಗಿ ಹಚ್ಚುತ್ತಾ ಹೋಗಬೇಕು. ಬಣ್ಣ ಬಂತು, ಚರ್ಮದ ರಂಧ್ರಗಳು ಬರಲಿಲ್ಲ, ಹಣೆ ಪ್ಲಾಸ್ಟಿಕ್. ಒಂದು ಕಡೆಯ ಚರ್ಮವನ್ನು ಇನ್ನೊಂದು ಕಡೆ ತೇಪೆ ಹಾಕುವ ಹೀಲಿಂಗ್ ಬ್ರಷ್‌ಗೆ ಕೆನ್ನೆ ತೋರಿಸಿ 'ಇಲ್ಲಿಂದ ಸ್ವಲ್ಪ ತಗೋ' ಅಂದರೆ, ಅದು ರಂಧ್ರಗಳ ಜೊತೆ ಕುರುಚಲು ಗಡ್ಡವನ್ನೂ ಹೊತ್ತು ತಂದು ಹುಬ್ಬಿನ ಮೇಲೆ ನೆಟ್ಟಿತು. ಗಡ್ಡವಿಲ್ಲದ ಜಾಗ ಮಾವನ ಮುಖದಲ್ಲಿ ಉಳಿದದ್ದು ಹಣೆಯ ಬದಿಯಲ್ಲಿ ಮಾತ್ರ, ಅದೂ ಅಂಗೈಯಗಲ. ಅಲ್ಲಿಂದಲೇ ಎರವಲು ತಂದು, ಮೇಲೆ ಚೂರು ಗ್ರೇನ್, ಅಂದರೆ ಸಣ್ಣ ಚುಕ್ಕೆಗಳನ್ನು, ಉದುರಿಸಿದೆ. ಕೊನೆಗೆ ಲೇಯರಿನ ಅಪಾಸಿಟಿ (ದಟ್ಟತನ) ತಗ್ಗಿಸಿ ಹೊಳಪನ್ನು ಒಂದಿಷ್ಟು ವಾಪಸ್ ಬಿಟ್ಟೆ. ಪೂರ್ತಿ ಒರೆಸಿದರೆ ಹಣೆಯ ಉಬ್ಬೇ ಮಾಯವಾಗಿ ಮುಖ ಚಪ್ಪಟೆಯಾಗುತ್ತದೆ.

ಮಾವ ನೋಡಿ ತಲೆಯಾಡಿಸಿದರು. ಪಕ್ಕದಲ್ಲಿದ್ದ ಅತ್ತೆ ಫೋನ್ ಕಿತ್ತುಕೊಂಡು, ಹಿಗ್ಗಿಸಿ, ಕುಗ್ಗಿಸಿ ನೋಡಿ ಕೇಳಿದರು: "ಇವರ ಹಣೆಯಿಂದ ತೆಗೆದ ಹೊಳಪು ಇನ್ನೂ ಇದೆಯಾ? ಇದ್ದರೆ ನನ್ನ ಮುಖಕ್ಕೆ ಸ್ವಲ್ಪ ಹಾಕಪ್ಪ."