ವಿನಂತಿಗೂ ಒಂದು ತಾರೀಖು ಇರಲಿ

ಸಿಂಧನೂರು ತಾಲ್ಲೂಕಿನ ನನ್ನ ಊರಿನಿಂದ ದೊಡ್ಡಪ್ಪನ ಮಕ್ಕಳು ಆಗಾಗ ಒಂದು ದೂರು ಪತ್ರದ ಕರಡನ್ನು ಫೋನಿಗೆ ಕಳಿಸಿ, ‘ಒಂದ್ಸಲ ನೋಡಿ ಕೊಡೋ ತಮ್ಮಾ’ ಎನ್ನುತ್ತಾರೆ. ಹೈದರಾಬಾದಿನಲ್ಲಿ ನಾನಿರುವ ಅಪಾರ್ಟ್‌ಮೆಂಟಿನ ನೀರು, ಲಿಫ್ಟು, ಕರೆಂಟು ಬಿಲ್ಲುಗಳ ಪತ್ರವ್ಯವಹಾರವೂ ನನ್ನ ಪಾಲಿಗೇ ಬಂದಿರುವುದರಿಂದ, ಎರಡೂ ಕಡೆಯವರು ದೂರು ಹೇಳುವ ರೀತಿಯನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ನನಗೆ ಸಿಕ್ಕಿದೆ. ನಮ್ಮ ಕಡೆಯ ಪತ್ರದಲ್ಲಿ ಮರ್ಯಾದೆಗೆ ಕೊರತೆಯಿಲ್ಲ. ಅದರಲ್ಲಿ ಸಿಗದಿರುವುದು ಬೇಡಿಕೆ.

ಬೆಳೆಗೆ ನೀರು ಬೇಕಾದ ಹೊತ್ತಿನಲ್ಲಿ ಟಿ.ಸಿ., ಅಂದರೆ ವಿದ್ಯುತ್ ಟ್ರಾನ್ಸ್‌ಫಾರ್ಮರ್, ಸುಟ್ಟಿತು ಎಂದುಕೊಳ್ಳಿ. ವಿಷಯದ ಸಾಲಿನಲ್ಲಿ ‘ವಿದ್ಯುತ್ ಸಮಸ್ಯೆ ಕುರಿತು’ ಎಂದಷ್ಟೇ ಇರುತ್ತದೆ. ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರುವಾದ ವಾಕ್ಯವು ಭತ್ತ ಒಣಗುತ್ತಿರುವುದು, ಸಾಲದ ಕಂತು, ಮಕ್ಕಳ ಪರೀಕ್ಷೆ ಎಲ್ಲವನ್ನೂ ಹಾದು, ‘ದಯಾಳುಗಳಾದ ತಾವು ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂಬಲ್ಲಿ ಮುಗಿಯುತ್ತದೆ. ಯಾವ ಟಿ.ಸಿ., ಎಂದು ಸುಟ್ಟಿತು, ಮೊದಲು ಯಾರಿಗೆ ತಿಳಿಸಲಾಗಿತ್ತು ಎಂಬುದು ಎಲ್ಲಿಯೂ ಇಲ್ಲ. ಇನ್ನು ‘ಸೂಕ್ತ ಕ್ರಮ’ವೆಂದರೆ ಏನು ಬೇಕಾದರೂ ಆಗಬಹುದು, ಪತ್ರದ ಮೂಲೆಯಲ್ಲಿ ಷರಾ ಬರೆದು ಕೆಳಗಿನ ಕಚೇರಿಗೆ ರವಾನಿಸುವುದೂ ಸೂಕ್ತ ಕ್ರಮವೇ. ಸುಟ್ಟ ಟಿ.ಸಿ.ಯನ್ನು ನಗರ, ಪಟ್ಟಣಗಳಲ್ಲಿ 24 ಗಂಟೆಯೊಳಗೆ, ಹಳ್ಳಿಗಳಲ್ಲಿ 72 ಗಂಟೆಯೊಳಗೆ ಬದಲಾಯಿಸಬೇಕೆಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ನಿಯಮವೇ ಹೇಳುತ್ತದೆ. ಹಾಗಿರುವಾಗ ದಯೆಯನ್ನು ಬೇಡುವ ಅಗತ್ಯವೇನಿದೆ? ‘ಇಂಥ ದಿನ, ಇಷ್ಟು ಗಂಟೆಗೆ ತಮ್ಮ ಕಚೇರಿಗೆ ತಿಳಿಸಿದ್ದೆವು, 72 ಗಂಟೆಗಳ ಅವಧಿ ನಿನ್ನೆ ಮುಗಿದಿದೆ, ಯಾವ ದಿನ ಬದಲಾಯಿಸುವಿರಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ’ ಎಂದು ಬರೆದರೆ ಸಾಕು. ಇದರಲ್ಲಿ ಸಿಟ್ಟಿನ ಒಂದು ಪದವೂ ಇಲ್ಲ, ಆದರೆ ಓದಿದವರು ನುಣುಚಿಕೊಳ್ಳುವುದು ಕಷ್ಟ. ಅವರ ಸಮಯ ಉಳಿಸುವುದೂ ಮರ್ಯಾದೆಯೇ ಎಂದು ನನ್ನ ಭಾವನೆ.

ಹೈದರಾಬಾದಿನ ನೆರೆಹೊರೆಯವರಿಂದ ನಾನು ಕಲಿತದ್ದು ಇದನ್ನೇ. ಕರೆಂಟಿನ ಸಂಪರ್ಕವನ್ನು ಗುರುತಿಸಲು ನಮ್ಮಲ್ಲಿ ಆರ್.ಆರ್. ನಂಬರ್ ಇದ್ದಂತೆ ಇಲ್ಲಿ ಯು.ಎಸ್.ಸಿ. ನಂಬರ್ ಇದೆ, ಅದು ಮೊದಲ ಸಾಲಿನಲ್ಲೇ ಬರುತ್ತದೆ, ಜೊತೆಗೆ ಬಿಲ್ಲಿನ ಪ್ರತಿ ಮತ್ತು ಫೋಟೋ ಇರುತ್ತವೆ. ಆದರೆ ಮೂರನೆಯ ಸಾಲಿಗೇ ಕೋರ್ಟಿನ ಮಾತು ಬಂದು, ಪ್ರತಿಗಳು ಮುಖ್ಯಮಂತ್ರಿಗಳ ಕಚೇರಿಯವರೆಗೆ ಹೋಗುವುದನ್ನು ಮಾತ್ರ ನಾನು ಒಪ್ಪಲಾರೆ. ಮೊದಲ ಪತ್ರದ ಬೆದರಿಕೆ ಬಹುಪಾಲು ಪೊಳ್ಳು. ಬ್ಯಾಂಕಿನ ದೂರನ್ನೇ ನೋಡಿ: ಬ್ಯಾಂಕುಗಳ ಮೇಲಿನ ದೂರು ಕೇಳುವ ಒಂಬುಡ್ಸ್‌ಮನ್ ಅಧಿಕಾರಿಯ ಬಳಿ ಹೋಗಬೇಕಾದರೆ, ರಿಸರ್ವ್ ಬ್ಯಾಂಕಿನ ಯೋಜನೆಯ ಪ್ರಕಾರ ಮೊದಲು ಬ್ಯಾಂಕಿಗೇ ದೂರು ಕೊಟ್ಟಿರಬೇಕು, ಅದು ತಿರಸ್ಕೃತವಾಗಿರಬೇಕು, ಉತ್ತರ ತೃಪ್ತಿ ಕೊಡದೆ ಇರಬೇಕು ಅಥವಾ 30 ದಿನ ಉತ್ತರವೇ ಬಾರದಿರಬೇಕು. ಆ ಮೊದಲ ಪತ್ರವನ್ನು ಮುಂದೆ ಮೂರನೆಯವರೊಬ್ಬರು ಓದುತ್ತಾರೆಂಬ ಎಚ್ಚರ ಬರೆಯುವಾಗಲೇ ಇದ್ದರೆ ದನಿ ತಾನಾಗಿ ತಗ್ಗುತ್ತದೆ.

ನಮ್ಮ ಊರಿನವರ ಒಂದು ರೂಢಿಯನ್ನು ಮಾತ್ರ ಇಲ್ಲಿನವರು ಕಲಿತರೆ ಚೆನ್ನ. ಪತ್ರವನ್ನು ಕಟ್ಟೆಯ ಮೇಲೆ ಎಲ್ಲರೆದುರು ಓದಿ, ಸಹಿ ಹಾಕಿಸಿ, ನಾಲ್ಕು ಜನ ಕೂಡಿ ಹೋಗಿ ಕೊಡುತ್ತಾರೆ. ಓದುವಾಗಲೇ ಯಾರಾದರೂ ಹಿರಿಯರು ‘ಆ ಮಾತು ಬ್ಯಾಡ, ತೆಗಿ’ ಎಂದು ಒರಟು ಮಾತನ್ನು ತೆಗೆಸುವುದುಂಟು. ಇಲ್ಲಿ ರಾತ್ರಿ ಹನ್ನೊಂದಕ್ಕೆ ಸಿಟ್ಟಿನಲ್ಲಿ ಬರೆದ ಇಮೇಲಿಗೆ ಅಂಥ ಹಿರಿಯರು ಸಿಗುವುದಿಲ್ಲ. ಆದರೆ ಅಷ್ಟೊಂದು ಸಹಿಗಳ ನಡುವೆ ಒಬ್ಬರದಾದರೂ ಫೋನ್ ನಂಬರ್ ಬರೆಯುವುದನ್ನು ನಮ್ಮವರು ಮರೆಯುತ್ತಾರೆ. ಟಪಾಲು ಶಾಖೆಯಲ್ಲಿ ತಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ತಾರೀಖು ಹಾಕಿಸಿಕೊಳ್ಳುವುದನ್ನಂತೂ ಸಂಕೋಚದಿಂದಲೇ ಬಿಡುತ್ತಾರೆ.

ಉತ್ತರ ಬಾರದಿದ್ದಾಗ ಕೆಲಸಕ್ಕೆ ಬರುವುದು ಆ ಮೊಹರೇ. ಅದರ ತಾರೀಖನ್ನು ಹಿಡಿದು, ಮಾಹಿತಿ ಹಕ್ಕು ಕಾಯ್ದೆ 2005ರಡಿ 10 ರೂಪಾಯಿ ಶುಲ್ಕ ಕಟ್ಟಿ, ನಮ್ಮ ಪತ್ರದ ಮೇಲೆ ಕೈಗೊಂಡ ಕ್ರಮದ ದಾಖಲೆಗಳನ್ನು ಕೊಡಿ ಎಂದು ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಕರ್ನಾಟಕದ ನಿಯಮದಂತೆ ಈ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುಮಾಡಿದರೆ ಅಷ್ಟು ಪದಗಳಲ್ಲಿ ಪ್ರಶ್ನೆಗೆ ಉಳಿಯುವ ಜಾಗ ಬಹಳ ಕಡಿಮೆ.