ಅರಣ್ಯವಾಸಕ್ಕೆ ಹನ್ನೊಂದು ಸಭೆ

ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ತುದಿಯಲ್ಲಿ, ಕೆನಡಾದ ಗಡಿಗೆ ಒತ್ತಿಕೊಂಡು, ಸಾವಿರಕ್ಕೂ ಹೆಚ್ಚು ಸರೋವರಗಳಿರುವ ಕಾಡೊಂದಿದೆ. ಬೌಂಡರಿ ವಾಟರ್ಸ್ ಎಂದು ಅದರ ಹೆಸರು. ಒಳಗೆ ಅಂಗಡಿಯಿಲ್ಲ, ಹೋಟೆಲಿಲ್ಲ. ಹೆಚ್ಚಿನ ಸರೋವರಗಳಲ್ಲಿ ಯಂತ್ರದ ದೋಣಿಗೂ ಪ್ರವೇಶವಿಲ್ಲ. ಕನೂ ದೋಣಿಯಲ್ಲಿ ಹುಟ್ಟು ಹಾಕುತ್ತಾ ಹೋಗಬೇಕು, ದಡದಲ್ಲಿ ಡೇರೆ ಹೊಡೆಯಬೇಕು, ಮೀನು ಕಚ್ಚಿದರೆ ಹುರಿದು ತಿನ್ನಬೇಕು. ಮೀನು ಕಚ್ಚದಿದ್ದರೂ ಸೊಳ್ಳೆ ಕಚ್ಚುವುದು ಖಚಿತ. ಅಲ್ಲಿಗೆ ನಾವು ಹತ್ತು ಜನ ಸ್ನೇಹಿತರು ಐದು ದಿನದ ಮಟ್ಟಿಗೆ ಹೋಗಿಬರೋಣ ಎಂದುಕೊಂಡೆವು. ಕಚೇರಿ, ಸಭೆ, ಇಮೇಲ್ ಎಲ್ಲದರಿಂದ ತಪ್ಪಿಸಿಕೊಳ್ಳುವುದಷ್ಟೇ ಉದ್ದೇಶ. ತಪ್ಪಿಸಿಕೊಳ್ಳುವುದು ಹೇಗೆಂದು ಚರ್ಚಿಸಲು ಮೊದಲ ಸಭೆ ನವೆಂಬರಿನಲ್ಲಿ ಸೇರಿತು.

ಆ ಕಾಡಿನಲ್ಲಿ ತಂಗಲು ಬೇಕಾದ ಪರವಾನಗಿಯಲ್ಲಿ ‘ತಂಡದ ನಾಯಕ’ ಎಂಬ ಖಾನೆಯೊಂದಿರುತ್ತದೆ. ಅದನ್ನು ಕಂಡದ್ದೇ ತಡ, ನಮ್ಮಲ್ಲೊಬ್ಬ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತ. ಅವನ ಹೆಸರು ಬೇಡ, ನಾಯಕ ಎಂದರೆ ಸಾಕು. ಮರುದಿನ ಬೆಳಗಾಗುವಷ್ಟರಲ್ಲಿ ಎಲ್ಲರ ಮೊಬೈಲಿಗೂ ಹದಿನಾಲ್ಕು ಹಾಳೆಗಳ ಕೋಷ್ಟಕ ಬಂದಿತ್ತು. ಕಾಲುಚೀಲಕ್ಕೆ ಒಂದು ಹಾಳೆ. ಮಳೆ ಬಂದರೆ ಏನು ಮಾಡುವುದು ಎಂಬುದಕ್ಕೆ ಒಂದು ಹಾಳೆ. ‘ಮೌನ’ ಎಂಬುದಕ್ಕೆ ಮೂರನೆಯ ದಿನ ಸಂಜೆ 5ರಿಂದ 5.45.

ಎರಡನೆಯ ಸಭೆಯಲ್ಲಿ ಗೊತ್ತಾದದ್ದು, ಒಂದು ತಂಡದಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರೂ ನಾಲ್ಕಕ್ಕಿಂತ ಹೆಚ್ಚು ದೋಣಿಗಳೂ ಇರುವಂತಿಲ್ಲ ಎಂಬುದು. ಎರಡು ಪರವಾನಗಿ ತೆಗೆದುಕೊಂಡು ಐದೈದು ಜನರಾಗಿ ಹೋಗೋಣವೆಂದರೆ, ಒಳಗೆ ನೆಲದಲ್ಲಾಗಲಿ ನೀರಿನಲ್ಲಾಗಲಿ ಒಂಬತ್ತಕ್ಕಿಂತ ಹೆಚ್ಚು ಜನ ಒಂದೆಡೆ ಸೇರುವುದೂ ನಿಷಿದ್ಧ. ಅಂದರೆ ಜತೆಯಾಗಿರಲು ಹೊರಟ ಸ್ನೇಹಿತರು ಆಚೆ ದಡ, ಈಚೆ ದಡ ನಿಂತು ಕೈಬೀಸಿಕೊಳ್ಳಬೇಕು. ಪಾಂಡವರು ವನವಾಸಕ್ಕೆ ಹೊರಟಾಗ ಬ್ರಾಹ್ಮಣರ ಹಿಂಡೇ ಬೆನ್ನಿಗೆ ಬಿದ್ದಿತ್ತಂತೆ. ಮಿನ್ನೆಸೋಟದಲ್ಲಾಗಿದ್ದರೆ ಧರ್ಮರಾಯನಿಗೆ ಮೊದಲ ದಿನವೇ ದಂಡ ಬೀಳುತ್ತಿತ್ತು.

ನಿಯಮವನ್ನು ನಾನು ಹಳಿಯುತ್ತಿಲ್ಲ. ಅದಿಲ್ಲದಿದ್ದರೆ ಆ ಕಾಡು ಎಂದೋ ಜಾತ್ರೆಯಾಗಿರುತ್ತಿತ್ತು. ಆಕಾಶದಲ್ಲೂ ಸದ್ದಾಗಬಾರದೆಂದು 1949ರಲ್ಲೇ ಅಧ್ಯಕ್ಷ ಟ್ರೂಮನ್ ಅಲ್ಲಿ ವಿಮಾನಗಳು 4,000 ಅಡಿಗಿಂತ ಕೆಳಗೆ ಹಾರದಂತೆ ಆದೇಶ ಹೊರಡಿಸಿದ್ದರು. ಇದನ್ನು ನಾನು ಭಕ್ತಿಯಿಂದ ವಿವರಿಸುತ್ತಿದ್ದಾಗಲೇ ಒಬ್ಬ ತಾನು ತರಲಿರುವ ಸ್ಪೀಕರ್ ನೀರಿಗೆ ಬಿದ್ದರೂ ಹಾಡುತ್ತದೆ ಎಂದು ತಿಳಿಸಿದ. ಅಂತೂ ಹತ್ತನೆಯವನನ್ನು ಬಿಡಲು ರಹಸ್ಯ ಮತದಾನ ನಡೆಯಿತು. ಬಿಟ್ಟುಹೋದವನು ನಮ್ಮಲ್ಲಿ ಮೀನು ಹಿಡಿಯಲು ಬರುತ್ತಿದ್ದ ಏಕೈಕ ವ್ಯಕ್ತಿ.

ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಅಲ್ಲಿ ರಾತ್ರಿ ತಂಗುವವರ ಸಂಖ್ಯೆಗೆ ಮಿತಿಯಿದೆ: ಇಂಥ ದ್ವಾರದಿಂದ, ಇಂಥ ದಿನ, ಇಷ್ಟೇ ತಂಡ. ಆ ಪರವಾನಗಿಗಳನ್ನು ಕಾಯ್ದಿರಿಸುವ ದಿನ ಬರುವುದು ಜನವರಿ ಕೊನೆಯ ವಾರದಲ್ಲಿ. ಆಗ ಸರೋವರಗಳ ಮೇಲೆ ಮೊಳದಪ್ಪ ಮಂಜುಗಡ್ಡೆ, ಹೊರಗೆ ಮೂಗು ಉದುರಿಬೀಳುವ ಚಳಿ. ಒಳಗೆ ನಾವು ಒಂಬತ್ತು ಜನ ಒಂಬತ್ತು ಕಂಪ್ಯೂಟರುಗಳ ಮುಂದೆ, ಬಾಣ ಹೂಡಿದಂತೆ ಬೆರಳು ಹೂಡಿ ಕುಳಿತಿದ್ದೆವು. ಪರದೆಯಿಂದ ದೂರ ಓಡಲು ಪರದೆಯನ್ನು ಅಷ್ಟು ಕಣ್ಣುಬಿಟ್ಟು ನೋಡಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಗಂಟೆ ಒಂಬತ್ತಾಯಿತು, ಒತ್ತಿದೆವು, ಬೇಕಾದ ದ್ವಾರದ ಬೇಕಾದ ದಿನಗಳೆಲ್ಲ ಕಣ್ಣೆದುರೇ ಆವಿಯಾದವು. ನಮಗೆ ಸಿಕ್ಕಿದ್ದು ಯಾರಿಗೂ ಬೇಡವಾದ ದ್ವಾರ, ಸೊಳ್ಳೆಗಳಿಗೆ ಪ್ರಿಯವಾದ ಜೂನ್. ಆದರೂ ನಾಯಕ ಕುರ್ಚಿಯಿಂದೆದ್ದು ಕುಣಿದ. ಏಳನೆಯ ಸಭೆಯಲ್ಲಿ ಅವನಿಗೆ ಅಭಿನಂದನಾ ನಿರ್ಣಯ ಅಂಗೀಕಾರವಾಯಿತು.

ಇನ್ನು ಹೊರೆಯ ಪುರಾಣ. ಅಲ್ಲಿ ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿ, ಮೂಟೆ ಎಲ್ಲವನ್ನೂ ಹೊತ್ತು ನಡೆಯಬೇಕು. ಇದಕ್ಕೆ ಪೋರ್ಟೇಜ್ ಎನ್ನುತ್ತಾರೆ. ದೂರವನ್ನು ಅಳೆಯುವುದು ಮೈಲಿಯಲ್ಲಿ ಅಲ್ಲ, ರಾಡ್‌ನಲ್ಲಿ. ಒಂದು ರಾಡ್ ಎಂದರೆ 16.5 ಅಡಿ, ಹೆಚ್ಚುಕಡಿಮೆ ಒಂದು ಕನೂವಿನ ಉದ್ದ. 160 ರಾಡ್ ಎಂದರೆ ಅರ್ಧ ಮೈಲಿ, ಏನು ಮಹಾ ಎನಿಸುತ್ತದೆ. ಆದರೆ ಸಾಮಾನನ್ನು ಎರಡು ಸಲಕ್ಕೆ ಸಾಗಿಸುವುದಾದರೆ ಹೊತ್ತು ಹೋಗಿ, ಬರಿಗೈಯಲ್ಲಿ ವಾಪಸು ಬಂದು, ಮತ್ತೆ ಹೊತ್ತು ಹೋಗಬೇಕು. ಅರ್ಧ ಮೈಲಿ ಒಂದೂವರೆ ಮೈಲಿಯಾಗುತ್ತದೆ. ಅದಕ್ಕೇ ನಾಯಕ ಕೆವ್ಲಾರ್ ದೋಣಿಗಳನ್ನು ಬಾಡಿಗೆಗೆ ಗೊತ್ತು ಮಾಡಿದ. ಗುಂಡು ತಡೆಯುವ ಅಂಗಿಗೆ ಬಳಸುವ ನಾರು ಅದು. ಅಲ್ಯೂಮಿನಿಯಂ ದೋಣಿ 30 ಕಿಲೋ ದಾಟಿದರೆ ಇದು 20ರ ಆಸುಪಾಸು. ಉಳಿದ ಹತ್ತು ಕಿಲೋದಲ್ಲಿ ಎರಡು ಮಡಚುವ ಕುರ್ಚಿ, ಒಂದು ಕಾಫಿ ಯಂತ್ರ, ಒಂದು ಎರಕದ ಕಬ್ಬಿಣದ ಬಾಣಲೆ ನಿರಾಯಾಸವಾಗಿ ಕುಳಿತವು. ಬಾಣಲೆ ತಂದ ಮಹಾನುಭಾವನೇ ತೂಕ ಉಳಿಸಲೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಿಂದ ಕೊಯ್ದುಕೊಂಡು ಬಂದಿದ್ದ. ಅರ್ಧ ಬ್ರಷ್ಷನ್ನು ಎರಡು ಬೆರಳಲ್ಲಿ ಹಿಡಿದು ಎಲ್ಲರಿಗೂ ತೋರಿಸಿದ.

ನಾಲ್ಕು ದೋಣಿಗೆ ಇಬ್ಬಿಬ್ಬರಂತೆ ಎಂಟು. ಒಂಬತ್ತನೆಯವನು ಒಂದು ದೋಣಿಯ ನಡುವೆ ಮೂಟೆಗಳ ಜತೆ ಕೂರಬೇಕು. ಹುಟ್ಟಿಲ್ಲ, ಕೆಲಸವಿಲ್ಲ. ಆ ಸೀಮೆಯ ಭಾಷೆಯಲ್ಲಿ ಅವನಿಗೆ ‘ಡಫರ್’ ಎನ್ನುತ್ತಾರೆ. ಬೈಗುಳವಲ್ಲ, ಹುದ್ದೆ. ಒಂಬತ್ತನೆಯ ಸಭೆ ಆ ಹುದ್ದೆಗೆ ನನ್ನನ್ನು ಅವಿರೋಧವಾಗಿ ಆರಿಸಿತು.

ಮೀನಿನ ಯೋಜನೆ ಮಾತ್ರ ಘನವಾಗಿತ್ತು. ಅಲ್ಲಿ ವಾಲ್‌ಐ ಎಂಬ ಮೀನಿಗೆ ಬಹಳ ಬೇಡಿಕೆ. ಮಿನ್ನೆಸೋಟದ ಆಗಿನ ಸಾಮಾನ್ಯ ನಿಯಮದಂತೆ ತಲೆಗೆ ಆರು. ಒಂಬತ್ತಾರಲಿ ಐವತ್ನಾಲ್ಕು ಎಂದು ನಾಯಕ ಗುಣಿಸಿ, ಎರಡು ರಾತ್ರಿಯ ಊಟದ ಅಕ್ಕಿಬೇಳೆಯನ್ನು ಪಟ್ಟಿಯಿಂದ ಹೊಡೆದುಹಾಕಿದ. ಹಿಡಿಯುವ ಮೊದಲೇ ಮೀನಿಗೆ ಮಸಾಲೆ ಹಚ್ಚಿಯಾಗಿತ್ತು. ವಾಲ್‌ಐ ಕಣ್ಣು ಮಬ್ಬುಬೆಳಕಿಗೆ ಹೇಳಿಮಾಡಿಸಿದ್ದು. ಅದು ಮುಖ್ಯವಾಗಿ ಬೇಟೆಗಿಳಿಯುವುದು ಮುಂಜಾವು, ಮುಸ್ಸಂಜೆಗಳಲ್ಲಿ. ಆದರೆ ಕೋಷ್ಟಕದಲ್ಲಿ ಮುಸ್ಸಂಜೆಗೆ ‘ಅನುಭವ ಹಂಚಿಕೆ’ ಇತ್ತು, ಮೀನಿಗೆ 11ರಿಂದ 12.30. ಗಾಳಕ್ಕೆ ಇಂಬಳಗಳನ್ನು ಡಾಲರ್ ಎಣಿಸಿ ಕೊಂಡೆವು. ಮಲೆನಾಡಿನಲ್ಲಿ ಮಳೆಗಾಲದ ಕಾಡು ಹೊಕ್ಕವನಿಗೆ ಇವು ಬಿಟ್ಟಿಯಾಗಿ, ಮೊಣಕಾಲವರೆಗೆ ಸಿಗುತ್ತವೆ ಎಂದರೆ ಯಾರೂ ನಂಬಲಿಲ್ಲ.

ಹನ್ನೊಂದನೆಯ ಸಭೆ ಮುಗಿದು ಕೊನೆಗೂ ಹೊರಟೆವು. ಪರವಾನಗಿ ಕೊಡುವ ಮುಂಚೆ ಒಂದು ವಿಡಿಯೊ ತೋರಿಸಿ ನಾಲ್ಕಾರು ಪ್ರಶ್ನೆ ಕೇಳುತ್ತಾರೆ: ಡಬ್ಬಿ, ಗಾಜಿನ ಬಾಟಲಿಗಳಲ್ಲಿ ತಿನಿಸು, ಪಾನೀಯ ಒಯ್ಯಬಾರದು, ಕರಡಿಗೆ ಸಿಗದಂತೆ ಆಹಾರ ಇಡಬೇಕು, ತಂದದ್ದನ್ನೆಲ್ಲ ವಾಪಸು ಒಯ್ಯಬೇಕು, ಕುರುಹು ಉಳಿಸಬಾರದು. ನಾಯಕ ಪರೀಕ್ಷೆಗೆ ಟಿಪ್ಪಣಿ ಮಾಡಿಕೊಂಡು ಬಂದಿದ್ದ. ಅಂಕಪಟ್ಟಿ ಕೊಡುವುದಿಲ್ಲ ಎಂದಾಗ ಅವನ ಮುಖ ಬಾಡಿತು.

ಡೇರೆ ಹಾಕುವ ಜಾಗಗಳಲ್ಲಿ ಬೆಂಕಿಗೊಂದು ಕಬ್ಬಿಣದ ಜಾಲರಿ, ತುಸು ದೂರದ ಮರಗಳ ನಡುವೆ ಗೋಡೆ, ಚಾವಣಿ, ಬಾಗಿಲು ಏನೂ ಇಲ್ಲದ ಶೌಚದ ಪೆಟ್ಟಿಗೆ. ಆ ಹದಿನಾಲ್ಕು ಹಾಳೆಗಳಲ್ಲಿ ಇದೊಂದರ ಉಲ್ಲೇಖವಿರಲಿಲ್ಲ. ಐದು ದಿನದಲ್ಲಿ ನಮಗೆ ನಿಜವಾದ ಮೌನ, ಏಕಾಂತ, ಪ್ರಕೃತಿಯ ಸಾನ್ನಿಧ್ಯ ಸಿಕ್ಕಿದ್ದು ಅದರ ಮೇಲೆ ಕುಳಿತಾಗ.

ಎರಡನೆಯ ದಿನ, ಸರೋವರದ ನಟ್ಟನಡುವೆ, ‘11ರಿಂದ 12.30’ರ ಅವಧಿ. ಗಾಳಗಳು ನೀರಿನಲ್ಲಿ, ಡಫರನ ತೊಡೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಕೋಷ್ಟಕ. ಒಂದು ಗಾಳಿ ಬೀಸಿತು. ಹಾಳೆ ಎದ್ದು, ಮಗುಚಿ, ನೀರಿಗೆ ಬಿದ್ದು ತೇಲುತ್ತಾ ಹೊರಟಿತು. ‘ಕುರುಹು ಉಳಿಸಬಾರದು!’ ಎಂದು ನಾಯಕ ಕೂಗಿದ. ನಾಲ್ಕು ದೋಣಿಗಳೂ ಗಾಳ ಎಳೆದುಕೊಂಡು ಅದರ ಬೆನ್ನುಹತ್ತಿದವು. ಎಂಟು ಹುಟ್ಟುಗಳು ಮೊದಲ ಬಾರಿಗೆ ಒಂದೇ ಲಯದಲ್ಲಿ ಬಿದ್ದವು. ಇಪ್ಪತ್ತು ನಿಮಿಷ ಅಟ್ಟಾಡಿಸಿದ ಮೇಲೆ, ಬಾಣಲೆಯವನು ಬಗ್ಗಿ ಬಲೆ ಹಾಕಿ ಅದನ್ನು ಎತ್ತಿದ. ಐವತ್ನಾಲ್ಕು ಮೀನಿಗೆಂದು ಕೊಂಡುತಂದಿದ್ದ ಬಲೆಗೆ ಆ ದಿನ ಬಿದ್ದದ್ದು ಅದೊಂದೇ.