ಮೂರನೇ ಯೂನಿಟ್ಟಿನಲ್ಲಿ ಸೋವಿಯತ್ ಒಕ್ಕೂಟ

ಸೋವಿಯತ್ ಒಕ್ಕೂಟ 1991ರ ಡಿಸೆಂಬರಿನಲ್ಲಿ ಮುಗಿದುಹೋಯಿತು ಅಂತ ಪ್ರಪಂಚವೆಲ್ಲ ನಂಬಿದೆ. ಸುಳ್ಳು. ನಮ್ಮ ಎಂಎ ರಾಜ್ಯಶಾಸ್ತ್ರದ 'ತೌಲನಿಕ ರಾಜಕೀಯ' ಪತ್ರಿಕೆಯ ಮೂರನೇ ಯೂನಿಟ್ಟಿನಲ್ಲಿ ಅದು ಕಲ್ಲುಗುಂಡಿನ ಹಾಗಿದೆ. ಮೊನ್ನೆ ಸಿಲಬಸ್ ಪರಿಷ್ಕರಣೆಗೆ ಅಧ್ಯಯನ ಮಂಡಳಿ ಸೇರಿದಾಗ ನಾನೇ ಕಣ್ಣಾರೆ ಕಂಡೆ.

"ಇದನ್ನು ತೆಗೆಯೋಣ ಸರ್, ಆ ದೇಶವೇ ಇಲ್ಲ" ಎಂದೆ. ಹಿರಿಯರು ಬ್ಯಾಗಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಹಾಳೆಗಳು ಅರಿಶಿನದ ಬಣ್ಣಕ್ಕೆ ತಿರುಗಿದ್ದವು. "ದೇಶ ಇಲ್ದಿದ್ರೆ ಏನಾಯ್ತ್ರೀ, ನೋಟ್ಸ್ ಇದೆಯಲ್ಲ?"

ನಾನು ಉಪ್ಪಿಟ್ಟಿಗೆ ಕೈಹಾಕಿದೆ.

ಸರಿ, ಶ್ರೀಲಂಕಾ ಸೇರಿಸೋಣ ಅಂದೆ. ಫ್ರಾನ್ಸಿನ 1958ರ ಸಂವಿಧಾನದ ಪಕ್ಕ ಲಂಕೆಯ 1978ರದ್ದನ್ನು ಇಟ್ಟರೆ ಹೇಳಿ ಮಾಡಿಸಿದ ಜೋಡಿ. ಎರಡರಲ್ಲೂ ಜನರೇ ಆರಿಸುವ ಅಧ್ಯಕ್ಷ, ಪಕ್ಕದಲ್ಲೊಬ್ಬ ಪ್ರಧಾನಿ. 2022ರ ಜುಲೈನಲ್ಲಿ ಜನ ಲಂಕೆಯ ಅಧ್ಯಕ್ಷರ ಈಜುಕೊಳಕ್ಕೇ ಧುಮುಕಿದ್ದನ್ನು ನಮ್ಮ ಹುಡುಗರು ಮೊಬೈಲಿನಲ್ಲೇ ನೋಡಿದ್ದಾರೆ. "ಅದು ಕರೆಂಟ್ ಅಫೇರ್ಸ್" ಎಂದರು. ಹಾಗಾದ್ರೆ ನೇಪಾಳ? 2008ರಲ್ಲಿ ರಾಜನನ್ನೇ ಮನೆಗೆ ಕಳಿಸಿದ ದೇಶ.

"ಪಕ್ಕದ ಮನೆ ಉಸಾಬರಿ ನಮಗ್ಯಾಕ್ರೀ?"

ಸ್ವಿಟ್ಜರ್ಲೆಂಡ್ ಮಾತ್ರ ಚರ್ಚೆಯಿಲ್ಲದೆ ಪಾಸಾಯಿತು. ಅಲ್ಲಿ ಏಳು ಮಂತ್ರಿಗಳು, ಅಧ್ಯಕ್ಷಗಿರಿ ವರ್ಷಕ್ಕೊಬ್ಬರ ಸರದಿ. ನಮ್ಮ ವಿಭಾಗದ ಮುಖ್ಯಸ್ಥರ ಕುರ್ಚಿಯೂ ಸರದಿಯದ್ದೇ. ಸರದಿ ಹತ್ತಿರ ಬಂದಾಗ ಇಲ್ಲಿ ಸೀನಿಯಾರಿಟಿ ಪಟ್ಟಿ ಹಿಡಿದು ವಕೀಲರ ಮನೆಗೆ ಓಡುತ್ತಾರೆ, ಅಷ್ಟೇ ವ್ಯತ್ಯಾಸ. ಇದನ್ನೇ ಒಂದು ಯೂನಿಟ್ ಮಾಡಬಹುದಿತ್ತು, ಅಲ್ವಾ? ಬಾಯಿಬಿಡಲಿಲ್ಲ.

ಮಧ್ಯಾಹ್ನವೆಲ್ಲ ಕ್ರೆಡಿಟ್ ಲೆಕ್ಕ, ಅಂದರೆ ಯಾವ ಪತ್ರಿಕೆಗೆ ಎಷ್ಟು ತೂಕ ಅನ್ನೋದು. ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಮಧ್ಯದಲ್ಲಿ ನಾಲ್ಕನೇ ವರ್ಷದ ಆನರ್ಸ್ ಮುಗಿಸಿದವರಿಗೆ ಒಂದೇ ವರ್ಷದ ಎಂಎ ಸಾಕು, ಉಳಿದವರಿಗೆ ಎರಡು ಬೇಕು. ಹಾಗಾಗಿ ಒಂದೇ ಪತ್ರಿಕೆಗೆ ಎರಡು ಅಳತೆಯ ಅಂಗಿ ಹೊಲಿಯಬೇಕು. ಐದು ಗಣರಾಜ್ಯ ಕಾಣಲು ಫ್ರಾನ್ಸಿಗೆ 1792ರಿಂದ 1958ರವರೆಗೆ ಬೇಕಾಯಿತಂತೆ. ಪಾಪ, ನಿಧಾನದ ಜನ.

ನಾಲ್ಕು ಗಂಟೆಗೆ ಓಡಾಟದ ಖರ್ಚಿನ ಟಿಎ ಬಿಲ್ ಬಂತು. ಸಹಿ ಹಾಕುತ್ತಲೇ ಹಿರಿಯರ ಮನಸ್ಸು ಕರಗಿತು. "ನಿಮ್ಮ ಮಾತೂ ನಡೀಲಿ, ಸೋವಿಯತ್ ಒಕ್ಕೂಟದ ಹಿಂದೆ 'ಮಾಜಿ' ಅಂತ ಸೇರಿಸ್ಕೊಳ್ಳಿ."

ಸೇರಿಸಿದೆ. ನಡಾವಳಿಯಲ್ಲಿ ಗುಮಾಸ್ತರು ಬರೆದುಕೊಂಡರು: 'ಪಠ್ಯಕ್ರಮವನ್ನು ಕೂಲಂಕಷವಾಗಿ ಪರಿಷ್ಕರಿಸಲಾಯಿತು.'